ಬಿಳಿ ನಾಲ್ಕು

ಲ್ಯಾಪ್ ಸ್ಟೀಲ್ ಗಿಟಾರನ್ನು ತೊಡೆ ಮೇಲೆ ಮಲಗಿಸಿಕೊಂಡು ನುಡಿಸೋದು. ಎಡಗೈಯಲ್ಲಿ ಉಕ್ಕಿನ ಬಾರ್. ಮಾಮೂಲಿ ಗಿಟಾರಿನ ಹಾಗೆ ಒಂದೊಂದು ಬೆರಳು ಒಂದೊಂದು ಫ್ರೆಟ್‌ಗೆ ಹೋಗೋ ಹಾಗಿಲ್ಲ. ಬಾರ್ ಎಲ್ಲಿ ಕೂತಿತೋ ಆರೂ ತಂತಿ ಅಲ್ಲೇ. ಹಾಗಾಗಿ ತಂತಿಗಳನ್ನು ಮೊದಲೇ ಹೇಗೆ ಶ್ರುತಿ ಮಾಡಿದ್ದೀವೋ ಅದೇ ಹಣೆಬರಹ. ನನ್ನದು ಸಿ6 ಟ್ಯೂನಿಂಗ್. ದಪ್ಪ ತಂತಿಯಿಂದ ಸಿ, ಇ, ಜಿ, ಎ, ಸಿ, ಇ.

ಇದರಲ್ಲಿ ಸಿ ಮೇಜರ್ ಇದೆ, ಎ ಮೈನರ್ ಇದೆ. ಸೆವೆಂತ್, ನೈನ್ತ್ ಕಾರ್ಡುಗಳಿಗೆ ಎರಡು ವರ್ಷ ಒದ್ದಾಡಿದೆ. ಬಾರ್ ಓರೆ ಹಿಡಿದರೆ ಎರಡು ತಂತಿ ಸರಿ ಬರ್ತಿತ್ತು, ಮೂರನೆಯದು ಬೇಸುರ. (ಬ್ರಿಜ್ ಭೂಷಣ್ ಕಾಬ್ರಾ ಇಂಥ ಗಿಟಾರಿನಲ್ಲೇ ರಾಗ ನುಡಿಸಿದರು. ಅವರಿಗೆ ಕಾರ್ಡಿನ ಗೊಡವೆ ಇರಲಿಲ್ಲ, ಪುಣ್ಯವಂತರು.) ಎಂಟು ತಂತಿಯದ್ದನ್ನು ಕಾರ್ಟಿಗೆ ಹಾಕಿ, ಇಎಂಐ ನೋಡಿ, ತೆಗೆದೆ. "ಇರೋ ಆರನ್ನ ಸರಿಯಾಗಿ ನುಡಿಸಿದ್ದಾಯ್ತಾ?" ಅಂದಳು ಹೆಂಡತಿ.

ಹೋದ ದೀಪಾವಳಿಗೆ ಗಿಟಾರನ್ನೂ ಊರಿಗೆ ಒಯ್ದಿದ್ದೆ. ಅಪ್ಪ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಸ್ಟ್ರೋಕ್ ಆದಾಗಿನಿಂದ ಪೆಟ್ಟಿಗೆ ಮೇಲೆ ಹಳೇ ಪಂಚೆ ಹೊದಿಸಿಟ್ಟಿತ್ತು. ಬಲಗೈಯಲ್ಲಿ ಒಂದೇ ಬೆರಳು ಹೇಳಿದ ಮಾತು ಕೇಳುತ್ತೆ. ಶ್ರುತಿ ಮಾಡಿಕೊಳ್ಳೋಕೆ ಅಂತ ಆ ಪೆಟ್ಟಿಗೆ ತೆಗೆದವನು ಅವರ ಮುಂದೆಯೇ ಬಿಟ್ಟು, ಜಗಲಿಯಲ್ಲಿ ಕೂತು ಸಣ್ಣ ಮೂರು ತಂತಿ ಮೀಟುತ್ತಿದ್ದೆ, ಬಾರ್ ಇಡದೆ. ಎ, ಸಿ, ಇ. ಅದೇ ಅಳುಮುಂಜಿ ಎ ಮೈನರ್.

ಅಪ್ಪ ಎಡಗೈಲಿ ತಿದಿ ಹಾಕಿ ಒಂದು ಕೀ ಒತ್ತಿದರು. ಅವರ ಲೆಕ್ಕದಲ್ಲಿ ಬಿಳಿ ನಾಲ್ಕು, ನನ್ನ ಲೆಕ್ಕದಲ್ಲಿ ಎಫ್. ನನ್ನ ಕೈ ಕದಲಿರಲಿಲ್ಲ. ಕೇಳಿದ್ದು ಎಫ್ ಮೇಜರ್ ಸೆವೆಂತ್! ಬಿಳಿ ಎರಡಕ್ಕೆ ಹೋದರು. ಅದೇ ಮೂರು ತಂತಿ ಡಿ ನೈನ್ತ್ ಕಡೆ ವಾಲಿತು.

ಬುಡದ ಸ್ವರ ನೀನು ನುಡಿಸಬೇಡ, ಅದನ್ನ ಬೇಸ್‌ಗೆ ಬಿಡು ಅಂತ ಎಲ್ಲ ಪಾಠದಲ್ಲೂ ಓದಿದ್ದೆ. ಆದರೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತವನು ಬಿಡೋದಾದರೂ ಯಾರಿಗೆ?

"ನಿಲ್ಲಿಸ್ಬೇಡ," ಅಂದರು ಅಪ್ಪ. ಮಾತು ಇನ್ನೂ ತೊದಲುತ್ತೆ. ಬೆರಳು ಬಿಳಿ ಐದಕ್ಕೆ, ಅಂದರೆ ಜಿಗೆ, ಸರಿಯೋ ಹೊತ್ತಿಗೆ ನಾನು ಐದನೇ ಫ್ರೆಟ್‌ಗೆ ಜಾರಿದ್ದೆ: ಡಿ, ಎಫ್, ಎ. ಜಿ ನೈನ್ತ್ ಆಗೋಕೆ ಒಂದು ಬಿ ಮಾತ್ರ ಬಾಕಿ. ನನ್ನ ತಂತಿಯಲ್ಲಿ ಅದಿಲ್ಲ, ಅಪ್ಪನ ಹತ್ತಿರ ಇನ್ನೊಂದು ಬೆರಳಿಲ್ಲ.

"ಅಮ್ಮಾ, ಬಂದು ಒಂದು ಬಿ ಒತ್ತು."

"ಬಿ ಅಂದ್ರೆ ಯಾವುದೋ?" ಅಂತ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಬಿಳಿ ಏಳು ಕಣೇ," ಅಂದರು ಅಪ್ಪ.