ಕೈ ಜೋತುಬಿಟ್ಟು ನಿಂತಾಗ

ಹೆಗಲಿಗೆ ನಮ್ಮಲ್ಲಿ ಕೆಲಸ ಜಾಸ್ತಿ, ವಿಚಾರಿಸುವವರು ಕಡಿಮೆ. ನೇಗಿಲು ಹೊತ್ತದ್ದು ಅದು, ಉತ್ಸವದ ಅಡ್ಡೆ ಹೊತ್ತದ್ದು ಅದು, ಜಾತ್ರೆಯಲ್ಲಿ ಮಗುವಿಗೆ ತೇರು ಕಾಣಿಸಿದ್ದು ಅದು, ಕಡೆಯ ಪಯಣಕ್ಕೆ ನಾಲ್ಕು ಬೇಕಾಗುವುದೂ ಅದೇ. ಆದರೂ ಮದುವೆಮನೆಯಲ್ಲಿ ಮರ್ಯಾದೆಯೆಲ್ಲ ಮಂಡಿನೋವಿಗೆ. ಮಂಡಿ ಎಂದು ಬಾಯಿಬಿಟ್ಟರೆ ಸಾಕು, ಯಾರೋ ಒಬ್ಬರು ಕುರ್ಚಿ ಎಳೆದು ಕೊಡುತ್ತಾರೆ. ಹೆಗಲುನೋವಿನವರು ನೆಟ್ಟಗೆ ನಡೆದಾಡಿಕೊಂಡು ಗುಂಡುಕಲ್ಲಿನ ಹಾಗೆ ಕಾಣುತ್ತಾರಾದ್ದರಿಂದ, 'ನಾಲ್ಕು ಜನಕ್ಕೆ ಸ್ವಲ್ಪ ಬಡಿಸಿ ಬಾರೇ' ಎಂದು ಸಾರಿನ ಬಕೆಟ್ಟನ್ನೇ ಕೈಗೆ ಕೊಡುತ್ತಾರೆ.

ನನ್ನ ಬಲಹೆಗಲು ಹಿಡಿದುಕೊಂಡದ್ದು ಐವತ್ತು ದಾಟಿದ ಮೇಲೆ. ಬಿದ್ದದ್ದಿಲ್ಲ, ಭಾರ ಎತ್ತಿದ್ದಿಲ್ಲ. ಮೊದಲಿಗೆ ರಾತ್ರಿಯ ನೋವು; ಬಲಮಗ್ಗುಲಿಗೆ ಹೊರಳಿದರೆ ನಿದ್ದೆ ಮುಗಿಯಿತು. ಆಮೇಲೆ ದಿನದ ಕೆಲಸಗಳು ಒಂದೊಂದಾಗಿ ಕೈಬಿಡತೊಡಗಿದವು. ಜಡೆ ಹೆಣೆಯಲು ಕೈ ಕತ್ತಿನ ಹಿಂದಕ್ಕೆ ಹೋಗದು. ಬೆನ್ನ ಹಿಂದಿನ ಕೊಕ್ಕೆ ಹಾಕಿಕೊಳ್ಳುವುದಂತೂ ದೂರದ ಮಾತು. ಒಗೆದ ಸೀರೆಯನ್ನು ತಂತಿಗೆ ಹಾಕಲಾಗದು. ಮೇಲಿನ ಗೂಡಿನ ಮೆಂತ್ಯದ ಡಬ್ಬ ಎಟುಕದು. ಯಜಮಾನರು ಧೈರ್ಯವಾಗಿ ಜಡೆಯ ಜವಾಬ್ದಾರಿ ವಹಿಸಿಕೊಂಡರು. ಮೂರು ಎಳೆ ಎಂಬುದು ಅವರಿಗೆ ಗೊತ್ತಿತ್ತು. ಯಾವುದು ಯಾವುದರ ಮೇಲೆ ಹೋಗಬೇಕೆಂಬುದರಲ್ಲಿ ಕಡೆಯವರೆಗೂ ಅನುಮಾನವಿತ್ತು. ಆ ತಿಂಗಳುಗಳಲ್ಲಿ ತೆಗೆದ ಫೋಟೋಗಳಲ್ಲೆಲ್ಲ ನಾನು ಎದುರುಮುಖವಾಗಿಯೇ ಇದ್ದೇನೆ.

ಸಲಹೆಗಳಿಗೆ ಬರವಿರಲಿಲ್ಲ. ಅತ್ತೆಯವರು ಲಕ್ಕಿಸೊಪ್ಪಿನ ಶಾಖ ಎಂದರು. ಅದು ಹಿತವಾಗಿಯೇ ಇತ್ತು, ನೋವಿಗಿಂತ ಹೆಚ್ಚಾಗಿ ಮನಸ್ಸಿಗೆ. ನಾದಿನಿ ಮಹಾನಾರಾಯಣ ತೈಲ ತಂದುಕೊಟ್ಟಳು. ಪಕ್ಕದ ಮನೆಯವರು, 'ಇಷ್ಟಕ್ಕೆಲ್ಲ ಡಾಕ್ಟ್ರು ಯಾಕೆ? ನಮ್ಮ ಮೈಸೂರಲ್ಲಿದ್ದುಕೊಂಡು!' ಎಂದು ಉಳುಕು ತೆಗೆಯುವ ಗರಡಿಮನೆಯ ಉಸ್ತಾದರೊಬ್ಬರ ವಿಳಾಸ ಕೊಟ್ಟರು. ಉಳುಕಿಗೆ ಅವರ ಕೈಗುಣ ದೊಡ್ಡದು, ನಮ್ಮ ತಂದೆಯ ಕಾಲು ಸರಿಮಾಡಿದ್ದೂ ಅಂಥವರೇ. ಆದರೆ ನನ್ನದು ಉಳುಕಾಗಿರಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮೂಳೆ ಡಾಕ್ಟರು ನನಗೆ ಕೈ ಎತ್ತಲು ಹೇಳಿದರು, ಆಗಲಿಲ್ಲ. ಅವರೇ ಹಿಡಿದು ಎತ್ತಿದರು, ಅದೂ ಆಗಲಿಲ್ಲ. ಈ ಎರಡನೆಯದೇ ಮುಖ್ಯವಂತೆ. ಸ್ನಾಯು ಹರಿದವರಿಗೆ ಸ್ವಂತವಾಗಿ ಕೈ ಎತ್ತಲಾಗದಿದ್ದರೂ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಮೇಲೆ ಹೋಗುತ್ತದೆ. ಯಾರು ಎತ್ತಿದರೂ ಹೋಗದು ಎಂದರೆ ಕೀಲೇ ಬಿಗಿದುಕೊಂಡಿದೆ. 'ಫ್ರೋಜನ್ ಶೋಲ್ಡರ್' ಎಂದು ಚೀಟಿಯಲ್ಲಿ ಬರೆದು, ತಲೆ ಎತ್ತದೆಯೇ 'ಶುಗರ್ ಇದೆಯಾ?' ಎಂದು ಕೇಳಿದರು. ಹೆಗಲಿಗೂ ಸಕ್ಕರೆಗೂ ಎಲ್ಲಿಯ ಸಂಬಂಧ ಎಂದುಕೊಂಡೆ. ಸಂಬಂಧ ಇದೆ. ಮಧುಮೇಹಿಗಳಲ್ಲಿ ಇದು ಉಳಿದವರಿಗಿಂತ ಹೆಚ್ಚು, ಬಿಡುವುದೂ ನಿಧಾನ. ನಲವತ್ತರಿಂದ ಅರವತ್ತರೊಳಗಿನವರನ್ನು, ಅದರಲ್ಲೂ ಹೆಂಗಸರನ್ನು ಹುಡುಕಿಕೊಂಡು ಬರುತ್ತದೆ. ನಾನು ಎಲ್ಲ ಅರ್ಹತೆಗಳನ್ನೂ ಹೊಂದಿದ್ದೆ.

ಫಿಜಿಯೋಥೆರಪಿ ಕೋಣೆಯಲ್ಲಿ ಗೋಡೆಗೆ ದೊಡ್ಡ ಚಕ್ರವೊಂದಿತ್ತು, ಬಾಗಿಲ ಚೌಕಟ್ಟಿನ ಮೇಲೆ ಹಗ್ಗದ ರಾಟೆ, ಬೆರಳು ಹತ್ತಿಸಲು ಗೋಡೆಗೆ ಹೊಡೆದ ಪುಟ್ಟ ಮರದ ಏಣಿ. ಬಾವಿಕಟ್ಟೆಯಿಂದ ಕಾಣೆಯಾದ ರಾಟೆ ಇಲ್ಲಿ ಬಂದು ಸೇರಿಕೊಂಡಿದೆ, ನೀರಿಲ್ಲದೆ, ಗಂಟೆಗೆ ಇಷ್ಟು ಎಂಬ ದರದಲ್ಲಿ. ಅಲ್ಲಿದ್ದ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು. 'ಆಂಟಿ, ಮೊದ್ಲು ಕೂತ್ಕೊಳಿ, ಒಳಗೇನಾಗಿದೆ ಅಂತ ಹೇಳ್ತೀನಿ' ಎಂದು ಪ್ಲಾಸ್ಟಿಕ್ ಮೂಳೆಗಳನ್ನು ತೆಗೆದಳು.

ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿದೆ. ಹೆಗಲಲ್ಲಿ ಹಾಗಲ್ಲ, ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೇ ಇಲ್ಲ, ಚಿಕ್ಕ ತಟ್ಟೆಗೆ ಆನಿಸಿಟ್ಟ ನಿಂಬೆಹಣ್ಣು. ಆದ್ದರಿಂದಲೇ ಮೈಯಲ್ಲಿ ಇಷ್ಟು ಕಡೆ ತಿರುಗುವ ಕೀಲು ಇನ್ನೊಂದಿಲ್ಲ. ಜಾರಿ ಬೀಳದಂತೆ ನಾಲ್ಕು ಸ್ನಾಯುಗಳು ಸುತ್ತುವರಿದು ಹಿಡಿದಿವೆ. ಅವುಗಳ ಒಳಗೆ, ಕೀಲನ್ನು ಮುಚ್ಚಿಕೊಂಡು ಒಂದು ತೆಳು ಚೀಲ. ಆ ಚೀಲ ಸಡಿಲವಾಗಿರಬೇಕು. ಕಂಕುಳ ಕಡೆಗೆ ಅದರಲ್ಲಿ ನೆರಿಗೆಗಳಿರುತ್ತವೆ. ಆ ನೆರಿಗೆ ಬಿಚ್ಚಿಕೊಂಡರೇ ಕೈ ಮೇಲೆ ಹೋಗುವುದು. ನನ್ನ ಚೀಲ ಉರಿಯೂತದಿಂದ ದಪ್ಪಗಾಗಿ, ಕುಗ್ಗಿ, ನೆರಿಗೆ ಅಂಟಿಕೊಂಡುಬಿಟ್ಟಿತ್ತು.

'ಹಾಗಾದ್ರೆ ಎಳೆದು ಬಿಡಿಸಮ್ಮ' ಎಂದೆ.

'ಈಗ ಎಳೆದ್ರೆ ಇನ್ನೂ ಮುನಿಸ್ಕೊಳ್ಳುತ್ತೆ ಆಂಟಿ. ನೋವು ಜಾಸ್ತಿ ಇರೋವಾಗ ಜಗಳ ಮಾಡಬಾರ್ದು.'

ಕಾಯಿಲೆಗೆ ಮೂರು ಕಾಲಗಳಿವೆಯಂತೆ. ನೋವಿನದು, ಬಿಗಿತದ್ದು, ಸಡಿಲಗೊಳ್ಳುವುದು. ಎಲ್ಲ ಸೇರಿ ಒಂದರಿಂದ ಮೂರು ವರ್ಷವೂ ಆಗಬಹುದು. ಮೊದಲ ಕಾಲದಲ್ಲಿ ಶಾಖ, ಮಾತ್ರೆ ಅಥವಾ ಕೀಲಿಗೊಂದು ಇಂಜೆಕ್ಷನ್, ಮೆತ್ತಗಿನ ಚಲನೆ; ಎಳೆದಾಟವೆಲ್ಲ ಆಮೇಲೆ. ಅವಳು ಕಲಿಸಿದ ಮೊದಲ ವ್ಯಾಯಾಮವಂತೂ ವ್ಯಾಯಾಮದ ಹಾಗೇ ಇರಲಿಲ್ಲ. ಎಡಗೈ ಮೇಜಿನ ಮೇಲೂರಿ ಸೊಂಟ ಬಾಗಿಸಿ, ಬಲಗೈಯನ್ನು ಜೋತುಬಿಟ್ಟು ಲೋಲಕದಂತೆ ತೂಗಬೇಕು. ಕೈ ತೂಗಬಾರದು, ಮೈ ತೂಗಬೇಕು, ಕೈ ತಾನಾಗಿ ಹಿಂಬಾಲಿಸಬೇಕು. ಇದರೊಳಗಿನ ಜಾಣತನ ನನಗೆ ಹೊಳೆದದ್ದು ತಡವಾಗಿ. ಮೈ ಪೂರ್ತಿ ಬಾಗಿದಾಗ ನೆಲಕ್ಕೆ ಜೋತ ಕೈ, ಮೈಯ ಲೆಕ್ಕದಲ್ಲಿ ಮುಂದಕ್ಕೆ 90 ಡಿಗ್ರಿ ಎತ್ತಿದ ಕೈಯೇ. ಎತ್ತಿದ್ದು ಸ್ನಾಯು ಅಲ್ಲ, ಭೂಮಿ. ನಿಂತಾಗ ಆಗದ್ದು ಬಾಗಿದಾಗ ಆಗುತ್ತಿತ್ತು, ಹೆಗಲಿಗೆ ಸುಳಿವೇ ಇಲ್ಲದೆ.

'ಕಾಡ್‌ಮನ್ ಎಕ್ಸರ್‌ಸೈಜ್' ಎಂದು ಚೀಟಿಯಲ್ಲಿ ಬರೆದಿದ್ದಳು. ನಿದ್ದೆ ಬಾರದ ರಾತ್ರಿಗಳಿದ್ದವಲ್ಲ, ಈ ಕಾಡ್‌ಮನ್ ಯಾರು ಎಂದು ಹುಡುಕಿಕೊಂಡು ಹೋದೆ. ಹೋದದ್ದು ಬಾಸ್ಟನ್ನಿಗೆ.

ಎರ್ನೆಸ್ಟ್ ಅಮೋರಿ ಕಾಡ್‌ಮನ್ 1869ರಲ್ಲಿ ಅಲ್ಲೇ ಹುಟ್ಟಿದವನು, ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸರ್ಜನ್. ವಿದ್ಯಾರ್ಥಿಯಾಗಿದ್ದಾಗಲೇ, ಮುಂದೆ ಮೆದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾದ ಗೆಳೆಯ ಹಾರ್ವೆ ಕುಶಿಂಗ್ ಜೊತೆ ಪಂದ್ಯ ಕಟ್ಟಿದ್ದ: ರೋಗಿಗೆ ಈಥರ್ ಕೊಡುವುದರಲ್ಲಿ ಯಾರು ಮೇಲು, ಸೋತವರು ಊಟ ಹಾಕಿಸಬೇಕು. ಅದಕ್ಕಾಗಿ ಇಬ್ಬರೂ ರೋಗಿಯ ನಾಡಿ, ಉಸಿರನ್ನು ಕಾಗದದ ಮೇಲೆ ಗುರುತಿಸುತ್ತ ಹೋದರು. ಅರಿವಳಿಕೆಯ ಚಾರ್ಟ್ ರೂಢಿಗೆ ಬಂದದ್ದರಲ್ಲಿ ಒಂದು ಊಟದ ಪಾಲೂ ಇದೆ.

ಬರೆದಿಡುವ ಈ ಚಟ ಆತನನ್ನು ಬಿಡಲಿಲ್ಲ. ಆಪರೇಷನ್ ಆದ ಪ್ರತಿಯೊಬ್ಬ ರೋಗಿಗೂ ಒಂದು ಕಾರ್ಡ್ ಇರಬೇಕು, ವರ್ಷದ ಮೇಲೆ ಅವರನ್ನು ಪತ್ತೆಹಚ್ಚಿ ಹೇಗಿದ್ದೀರಿ ಎಂದು ಕೇಳಬೇಕು, ಗುಣವಾಗದಿದ್ದರೆ ಯಾಕೆಂದು ಬರೆಯಬೇಕು, ಬರೆದದ್ದನ್ನು ಎಲ್ಲರಿಗೂ ತೋರಿಸಬೇಕು. ಇದಕ್ಕೆ 'ಅಂತಿಮ ಫಲಿತಾಂಶ'ದ ಪದ್ಧತಿ ಎಂದು ಹೆಸರು. ದೊಡ್ಡ ಡಾಕ್ಟರುಗಳು ಇದನ್ನು ಮೆಚ್ಚುತ್ತಾರೆಯೇ? 1911ರಲ್ಲಿ ಕಾಡ್‌ಮನ್ ತನ್ನದೇ ಪುಟ್ಟ ಆಸ್ಪತ್ರೆ ತೆರೆದ. 1916ರವರೆಗೆ ಅಲ್ಲಿಂದ ಹೊರಟ 337 ರೋಗಿಗಳಲ್ಲಿ 123 ತಪ್ಪುಗಳನ್ನು ತಾನೇ ಎಣಿಸಿ ಅಚ್ಚು ಹಾಕಿಸಿದ. ಹಿರಿತನ ನೋಡಿ ಬಡ್ತಿ ಕೊಡುವುದನ್ನು ವಿರೋಧಿಸಿ ದೊಡ್ಡಾಸ್ಪತ್ರೆಗೆ 1914ರಲ್ಲಿ ರಾಜೀನಾಮೆ ಕೊಟ್ಟಿದ್ದ. ಮುಂದಿನ ಜನವರಿಯಲ್ಲಿ ವೈದ್ಯರ ತುಂಬಿದ ಸಭೆಯಲ್ಲಿ ದೊಡ್ಡದೊಂದು ವ್ಯಂಗ್ಯಚಿತ್ರ ತೋರಿಸಿದ: ಮರಳಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿ, ಅದು ಒದ್ದು ಕಳಿಸುತ್ತಿರುವ ಚಿನ್ನದ ಮೊಟ್ಟೆಗಳು, ಅವನ್ನು ಆಯುತ್ತಿರುವ ಡಾಕ್ಟರುಗಳು. ಪಕ್ಷಿ ಎಂದರೆ ಊರಿನ ಸಿರಿವಂತ ರೋಗಿಗಳು. ಹಾರ್ವರ್ಡಿನ ಪಾಠದ ಕೆಲಸವೂ ಹೋಯಿತು. ಹಟಮಾರಿಗಳ ಜೊತೆ ಸಂಸಾರ ಮಾಡುವುದು ಕಷ್ಟ, ಆದರೆ ಅವರ ಬಗ್ಗೆ ಓದುವುದು ಎಷ್ಟು ಸುಖ!

ಇಂಥವನು 1934ರಲ್ಲಿ ಹೆಗಲೊಂದರ ಮೇಲೆಯೇ ದಪ್ಪ ಪುಸ್ತಕ ಬರೆದು ತಾನೇ ಪ್ರಕಟಿಸಿದ. ಮುನ್ನುಡಿಯಲ್ಲಿ ತನ್ನ ಜೀವನಚರಿತ್ರೆಯನ್ನೂ ತುಂಬಿದ. 'ಫ್ರೋಜನ್ ಶೋಲ್ಡರ್' ಎಂಬ ಹೆಸರು ಬಂದದ್ದು ಅಲ್ಲಿಂದ. ಎಷ್ಟೇ ಹಟದ ಹೆಗಲಾದರೂ ಸುಮಾರು ಎರಡು ವರ್ಷದಲ್ಲಿ ಬಿಟ್ಟೇ ಬಿಡುತ್ತದೆ ಎಂಬ ಭರವಸೆ ಆತನದು. ತಮಾಷೆ ಎಂದರೆ, ಮುಂದಿನವರು ಆತನದೇ ವಿಧಾನದಲ್ಲಿ, ವರ್ಷಗಳ ಮೇಲೆ ರೋಗಿಗಳನ್ನು ಕರೆದು ಅಳೆದಾಗ, ಹಲವರಲ್ಲಿ ಚೂರು ನೋವೋ ಬಿಗಿತವೋ ಉಳಿದೇ ಇತ್ತು. ಕಾಡ್‌ಮನ್ ಬದುಕಿದ್ದರೆ ಆ ತಪ್ಪನ್ನೂ 124ನೆಯದೆಂದು ಖುಷಿಯಿಂದ ಬರೆದುಕೊಳ್ಳುತ್ತಿದ್ದ ಎಂದು ನನ್ನ ಊಹೆ. 1940ರಲ್ಲಿ ತೀರಿಕೊಂಡ, ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2014ರಲ್ಲಿ.

ಇಷ್ಟನ್ನು ಓದಿಕೊಂಡು ಹೋದ ಮೇಲೆ ಹುಡುಗಿಯ ರಿಜಿಸ್ಟರಿನ ಮೇಲೆ ನನಗೆ ಬೇರೆಯೇ ಗೌರವ ಬಂತು. ಅವಳು ವಾರವಾರವೂ ಕೋನಮಾಪಕ ಹಿಡಿದು ಅಳೆಯುತ್ತಿದ್ದಳು: ಮುಂದಕ್ಕೆ ಎಷ್ಟು, ಪಕ್ಕಕ್ಕೆ ಎಷ್ಟು, ಮೊಣಕೈ ಸೊಂಟಕ್ಕಂಟಿಸಿ ಹೊರಕ್ಕೆ ಎಷ್ಟು. ಈ ಕಡೆಯದೇ ಮೊದಲು ಕೈಕೊಡುವ ಮೊಂಡು ಗಿರಾಕಿ. ನಾನು 'ಪರವಾಗಿಲ್ಲ ಕಣಮ್ಮ, ವಾಸಿ' ಎಂದರೂ ಬಿಡಳು. 'ವಾಸಿ ಅಂತ ಕಾಲಂ ಇಲ್ಲ ಆಂಟಿ' ಎಂದು ಡಿಗ್ರಿಯನ್ನೇ ಬರೆಯುವಳು. ಕೆಲವು ವಾರ ಅಂಕಿ ಅಲುಗುತ್ತಿರಲಿಲ್ಲ. ಒಮ್ಮೆ ಇಳಿದೂ ಇತ್ತು, ಆಯುಧಪೂಜೆಗೆ ಮನೆ ತೊಳೆದ ವಾರ. ಅದನ್ನೂ ಬರೆದಳು, ಪಕ್ಕದಲ್ಲಿ ಕಾರಣ ಸಮೇತ. ಎಲ್ಲ ಕಡೆಯೂ ಹೀಗೆ ಅಳೆಯುತ್ತಾರೆಂದು ತಿಳಿಯಬೇಡಿ. ಮೊದಲು ಹೋಗಿದ್ದ ಜಾಗದಲ್ಲಿ ಕರೆಂಟಿನ ಪ್ಯಾಡ್ ಅಂಟಿಸಿ, ಗಡಿಯಾರ ತಿರುಗಿಸಿಟ್ಟು, ಫೋನ್ ನೋಡುತ್ತ ಕೂರುತ್ತಿದ್ದರು. ಮಿಣುಕುವ ಯಂತ್ರ ಕಂಡರೆ ನಮಗೂ ದುಡ್ಡು ಕೊಡಲು ಮನಸ್ಸು ಬರುತ್ತದೆ. ಗೋಡೆಗೆ ಬೆರಳು ಹತ್ತಿಸುವುದಕ್ಕೆ ಫೀಸೇ ಎನ್ನಿಸುತ್ತದೆ. ನನ್ನ ಕೈ ಬಿಡಿಸಿದ್ದು ಮಾತ್ರ ಗೋಡೆ, ರಾಟೆ, ಬೆನ್ನ ಹಿಂದೆ ಎರಡೂ ಕೈಯಲ್ಲಿ ಹಿಡಿದೆಳೆದ ಟವೆಲ್, ಮತ್ತು ಕ್ಯಾಲೆಂಡರು.

ಅಲ್ಲಿಗೆ ಹೋಗುವುದು ನಿಂತು ಬಹಳ ಕಾಲವಾದ ಮೇಲೆ ಒಂದು ಮಧ್ಯಾಹ್ನ ಅವಳ ಫೋನ್ ಬಂತು.

'ಆಂಟಿ, ಜಡೆ ಯಾರು ಹಾಕ್ತಿದ್ದಾರೆ?'

'ನಾನೇ.'

'ಹಿಂದಿನ ಕೊಕ್ಕೆ?'

'ಹಾಕ್ಕೋತೀನಿ. ಒಂದೊಂದು ದಿನ ಮೇಲಿಂದು ತಪ್ಪುತ್ತೆ.'

ಆ ಕಡೆ ಪೆನ್ನು ಓಡುವುದು ಕೇಳಿಸಿತು. 'ಎಡಗೈ?'

'ಅದಕ್ಕೇನಮ್ಮ, ಚೆನ್ನಾಗಿದೆ.'

'ಕೆಲವ್ರಿಗೆ ಆಮೇಲೆ ಆ ಕಡೆನೂ ಬರುತ್ತೆ, ಅದಕ್ಕೆ ಕೇಳ್ದೆ. ಶುಗರ್ ಎಷ್ಟಿದೆ ಈಗ?'

ನಿಮ್ಮ ಮದುವೆ ಯಾವಾಗಮ್ಮ ಎಂದು ಕೇಳಿದೆ.