ಕಟ್ಟಿನ ಋಣ

ನಾನು ಕಲಿತ ಶಾಲೆಗೆ ಐವತ್ತು ವರ್ಷಗಳು ತುಂಬಿವೆ. ಈ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಒತ್ತಾಯಿಸಿದಾಗ, ಗುರುಗಳ ಗುಣಗಾನ ಮಾಡುವುದೇ ಉಚಿತವೆಂದು ಮೊದಲು ಅನಿಸಿತು. ಆದರೆ ಅವರು ಕಲಿಸಿದ ಒಂದು ಪಾಠವನ್ನು ನಾನು ಹೇಗೆ ಮರೆತೆ, ಅದು ಮತ್ತೆ ಎಲ್ಲಿ ನೆನಪಾಯಿತು ಎಂಬುದನ್ನು ಹೇಳುವುದು ಹೆಚ್ಚು ಪ್ರಾಮಾಣಿಕವಾದೀತು. ಮರೆತದ್ದು ಕೊಲ್ಹಾಪುರದ ಮಿಸಳದ ಬಟ್ಟಲಿನ ಮುಂದೆ. ನೆನಪಾದದ್ದು ಬೆಂಗಳೂರಿನ ಒಂದು ಜಪಾನಿ ಉಪಾಹಾರಗೃಹದಲ್ಲಿ.

ನಮ್ಮ ಮೂಲ ನೆಲೆ ಗಡಹಿಂಗ್ಲಜ ತಾಲೂಕಿನ ಹಿರಣ್ಯಕೇಶಿಯ ದಂಡೆ. ಮಳೆಯನ್ನೇ ನಂಬಿದ್ದ ತುಂಡು ಹೊಲ ಕೈಕೊಟ್ಟಾಗ ತಂದೆಯವರು ಇಚಲಕರಂಜಿಗೆ ಬಂದು ಯಂತ್ರಮಗ್ಗದ ಕೆಲಸಕ್ಕೆ ಸೇರಿದರು. 1904ರಲ್ಲಿ ಮೊದಲ ಯಂತ್ರಮಗ್ಗ ಕಂಡ ಆ ಊರು ನಮ್ಮಂಥ ಅದೆಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟಿದೆ. ಹಗಲಿರುಳು ಮಗ್ಗದ ಸದ್ದಿನಲ್ಲಿ ದುಡಿದವರಾದ್ದರಿಂದ ತಂದೆಯವರ ಮಾತು ಯಾವಾಗಲೂ ತುಸು ಗಟ್ಟಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಅವರಿಗೆ ಮರಾಠಿ ತಿಳಿಯುತ್ತಿತ್ತು. ಆದರೆ ಹಸಿವು, ನೋವು, ಸಿಟ್ಟುಗಳಿಗೆ ಅವರ ಬಾಯಲ್ಲಿ ಕನ್ನಡವೇ ಬರುತ್ತಿತ್ತು.

ಶಾಲೆಯಲ್ಲಿ ಇತಿಹಾಸದ ಗುರುಗಳು ರಾಜರ್ಷಿ ಶಾಹೂ ಮಹಾರಾಜರ ಒಂದು ಪ್ರಸಂಗವನ್ನು ಮನಮುಟ್ಟುವಂತೆ ಹೇಳುತ್ತಿದ್ದರು. ಅರಮನೆಯ ಕುದುರೆಲಾಯದಲ್ಲಿ ದುಡಿಯುತ್ತಿದ್ದ ಗಂಗಾರಾಮ ಕಾಂಬಳೆಯವರು ನೀರಿನ ತೊಟ್ಟಿ ಮುಟ್ಟಿದರೆಂದು ಹೊಡೆತ ತಿಂದರು. ಮಹಾರಾಜರು ಅವರಿಗೆ ನೆರವಾಗಿ ಕೊಲ್ಹಾಪುರದಲ್ಲಿ ಚಹಾದ ಅಂಗಡಿ ಹಾಕಿಸಿದರು. ಅಸ್ಪೃಶ್ಯರ ಕೈಯ ಚಹಾ ಎಂದು ಜನ ಹಿಂಜರಿದಾಗ ತಾವೇ ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದರು. “ಉಣ್ಣುವ ಎಡೆಯಲ್ಲಿ ಯಾರೂ ತಲೆ ತಗ್ಗಿಸುವಂತೆ ಆಗಬಾರದು, ಮಕ್ಕಳೇ” ಎಂದು ಗುರುಗಳು ಮಾತು ಮುಗಿಸುತ್ತಿದ್ದರು. ನಾನು ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದೆ.

1980ರ ಜೂನ್ ತಿಂಗಳು. ಹತ್ತನೆಯ ತರಗತಿ ಪಾಸಾದ ನನ್ನನ್ನು ಕಾಲೇಜಿಗೆ ಸೇರಿಸಲು ತಂದೆಯವರು ಒಂದು ದಿನದ ಪಗಾರ ಬಿಟ್ಟು ಕೊಲ್ಹಾಪುರಕ್ಕೆ ಕರೆದೊಯ್ದರು. ಫೀ ತುಂಬಿ ಹೊರಬಂದಾಗ ಮಧ್ಯಾಹ್ನ ಇಳಿದಿತ್ತು. ಹತ್ತಿರದ ಮಿಸಳದ ಹೋಟೆಲಿಗೆ ಹೋದೆವು.

ಕೊಲ್ಹಾಪುರದ ಮಿಸಳವನ್ನು ಬಲ್ಲವರಿಗೆ ನಾನು ವರ್ಣಿಸಬೇಕಾಗಿಲ್ಲ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಮಡಕಿ ಕಾಳಿನ ಉಸಳಿ ತಳದಲ್ಲಿ. ಮೇಲೆ ಫರಸಾಣ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ. ಅದರ ಮೇಲೆ ಕುದಿಯುವ ಕೆಂಪು ರಸ. ಹುರಿದ ಒಣಕೊಬ್ಬರಿ, ಎಳ್ಳು, ಬೆಳ್ಳುಳ್ಳಿ, ಮಸಾಲೆಗಳನ್ನು ಅರೆದು, ಕಾಂದಾ-ಲಸೂಣ ಚಟ್ನಿ ಬೆರೆಸಿ ಕುದಿಸಿದ ಈ ರಸಕ್ಕೆ ‘ಕಟ’ ಎಂದು ಹೆಸರು. ಗಡಹಿಂಗ್ಲಜದ ಪೇಟೆಗೆ ಬರುವ ಸಂಕೇಶ್ವರಿ ಮೆಣಸಿನಕಾಯಿಯ ಖಾರವನ್ನು ಬಲ್ಲ ನಾಲಿಗೆಗೆ ಅದು ಪರಕೀಯವೆನಿಸುವುದಿಲ್ಲ. ಬೇರೆ ಕಡೆ ಪಾವಿನೊಂದಿಗೆ ಕೊಟ್ಟರೆ, ಕೊಲ್ಹಾಪುರದಲ್ಲಿ ಬ್ರೆಡ್ಡಿನ ಸ್ಲೈಸಿನೊಂದಿಗೆ ಕೊಡುವುದು ರೂಢಿ.

ತಂದೆಯವರು ಒಂದೇ ಮಿಸಳ ಹೇಳಿದರು. “ನನಗ ಹಸಿವಿಲ್ಲ ತಮ್ಮಾ, ನೀ ತಿನ್ನು” ಎಂದರು. ನಾನು ತಿಂದೆ. ಕೊನೆಗೆ ಎರಡು ಸ್ಲೈಸು ಉಳಿದವು, ರಸ ಮುಗಿದಿತ್ತು. ಆಗ ಅವರು ತಮ್ಮ ಎಂದಿನ ಗಟ್ಟಿ ದನಿಯಲ್ಲಿ, “ಏ ತಮ್ಮಾ, ಸ್ವಲ್ಪ ಕಟ್ಟು ಹಾಕಪಾ” ಎಂದು ಬಡಿಸುವ ಹುಡುಗನನ್ನು ಕರೆದರು. ಮಗ್ಗುಲ ಟೇಬಲಿನಲ್ಲಿ, ಬೆಳಿಗ್ಗೆ ಕಾಲೇಜಿನ ಸಾಲಿನಲ್ಲಿ ನನ್ನೊಂದಿಗೆ ನಿಂತಿದ್ದ ಇಸ್ತ್ರಿ ಅಂಗಿಯ ಹುಡುಗರು ಕುಳಿತಿದ್ದರು. ಅವರು ಹೊರಳಿ ನೋಡಿದರು. ನಾನು ಹಲ್ಲು ಕಚ್ಚಿ, “ಅಪ್ಪಾ, ಮೆಲ್ಲಗ. ಮರಾಠೀಲೆ ಕೇಳು. ಮಂದಿ ನೋಡಾಕತ್ತಾರ” ಎಂದೆ.

ತಂದೆಯವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅಷ್ಟರಲ್ಲಿ ಗಲ್ಲೆಯ ಮೇಲೆ ಕುಳಿತಿದ್ದ ಮಾಲಕರು ತಾವೇ ಕೂಗಿದರು: “ಅರೇ, ಪಾವ್ಹಣ್ಯಾಂನಾ ಕಟ ದೇ!” ಬೀಗರಿಗೆ ಕಟ್ಟು ಕೊಡು ಎಂದು. ಆ ಮರಾಠಿ ಮನುಷ್ಯನಿಗೆ ನಮ್ಮ ಮಾತು ನೆಟ್ಟಗೆ ತಿಳಿದಿತ್ತು. ತಿಳಿಯದೆ ಏನು? ಹೋಳಿಗೆಗೆಂದು ಬೇಯಿಸಿದ ಕಡಲೆಬೇಳೆಯಿಂದ ಬಸಿದ ನೀರು ನಮ್ಮ ಮನೆಯಲ್ಲಿ ‘ಕಟ್ಟು’, ಅವರ ಮನೆಯಲ್ಲಿ ‘ಕಟ’. ನಮ್ಮದು ಕಟ್ಟಿನ ಸಾರು, ಅವರದು ಕಟಾಚಿ ಆಮಟಿ. ಮಿಸಳದ ರಸ ಬೇಳೆಯ ನೀರಲ್ಲದಿದ್ದರೂ ಹೆಸರು ಅದೇ. ನಾನು ನಾಚಿಕೊಂಡ ಮಾತು ಆ ಹೋಟೆಲಿನ ಹಂಡೆಯಲ್ಲಿಯೇ ಕುದಿಯುತ್ತಿತ್ತು.

ಹುಡುಗ ಬಂದು ಬಟ್ಟಲು ತುಂಬಿದ. ತಂದೆಯವರು ಎರಡು ಸ್ಲೈಸನ್ನೂ ಅದರಲ್ಲಿ ಅದ್ದಿ ತಿಂದರು. ಹಸಿವಿಲ್ಲದವರು ತಿನ್ನುವ ರೀತಿ ಅದಾಗಿರಲಿಲ್ಲವೆಂದು ಆಗಲೇ ನನಗೆ ಕಂಡಿತು. ಇಚಲಕರಂಜಿಗೆ ಮರಳುವ ಸುಮಾರು 30 ಕಿಲೋಮೀಟರ್ ದಾರಿಯಲ್ಲಿ ಅವರು ಮಾತಾಡಲಿಲ್ಲ. ಅದಾದ ಮೇಲೆ ನನ್ನೊಡನೆ ಎಷ್ಟೋ ಸಲ ಹೋಟೆಲಿಗೆ ಬಂದರು. ಆದರೆ ಬೇಕಾದುದನ್ನು ಬಾಯಿಬಿಟ್ಟು ಕೇಳುವುದನ್ನು ನಿಲ್ಲಿಸಿದರು. ಬೆರಳಿನಿಂದ ತೋರಿಸುತ್ತಿದ್ದರು. 1998ರಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ‘ತಪ್ಪಾಯಿತಪ್ಪಾ’ ಎನ್ನಲು ನನಗೆ ನಾಲಿಗೆ ಬರಲಿಲ್ಲ.

ಕಳೆದ ವರ್ಷ ಬೆಂಗಳೂರಿನಲ್ಲಿರುವ ಮಗಳು ನನ್ನನ್ನು ಜಪಾನಿ ಊಟಕ್ಕೆ ಕರೆದೊಯ್ದಳು. ನಾನು ಸಸ್ಯಾಹಾರಿಯೆಂದು ಅಣಬೆ ಹಾಗೂ ಸೋಯಾ ಕಾಳನ್ನು ಹುದುಗಿಸಿದ ಮಿಸೊದ ರಸವಿದ್ದ ರಾಮೆನ್ ತರಿಸಿದಳು. ಗೋದಿಯ ಶಾವಿಗೆ. ಹಪ್ಪಳದ ಹಿಟ್ಟಿಗೆ ನಾವು ಪಾಪಡಖಾರ ಹಾಕುವಂತೆ ಅವರು ಇದರ ಹಿಟ್ಟಿಗೆ ಕ್ಷಾರದ ನೀರು ಬೆರೆಸುತ್ತಾರಂತೆ. ಹಳದಿ ಛಾಯೆಯೂ ಬಿಗಿಯೂ ಅದರಿಂದಲೇ. ಚೀನದಿಂದ ಬಂದ ಈ ಶಾವಿಗೆಗೆ 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ರೈರೈಕೆನ್ ಎಂಬ ಹೋಟೆಲು ತೆರೆಯಿತು. ಅಲ್ಲಿ ಅಡುಗೆಯವರು ಯೊಕೊಹಾಮಾದಿಂದ ಕರೆಸಿದ ಚೀನೀಯರು. ಇಂದು ಅದನ್ನು ಜಪಾನಿನದಲ್ಲವೆಂದು ಯಾರೂ ಅನ್ನುವುದಿಲ್ಲ. ಸೊರ್ರನೆ ಸದ್ದು ಮಾಡಿ ಹೀರಿದರೆ ಅಲ್ಲಿ ಅಸಭ್ಯತೆಯೂ ಅಲ್ಲ. ಹಕಾತಾದ ಕಡೆ ಶಾವಿಗೆ ಮುಗಿದು ರಸ ಉಳಿದರೆ ಮತ್ತೊಂದು ಹಿಡಿ ಶಾವಿಗೆ ಕೇಳುವ ಪದ್ಧತಿಯಿದೆಯೆಂದು ಮಗಳು ಹೇಳಿದಳು. ನಮ್ಮ ಕಡೆ ಸ್ಲೈಸು ಉಳಿದರೆ ಕಟ್ಟು ಕೇಳಿದಂತೆಯೇ ಸರಿ ಎಂದುಕೊಂಡೆ.

ನನ್ನ ಬಟ್ಟಲಿನಲ್ಲಿ ಶಾವಿಗೆ ಉಳಿದು ರಸ ಮುಗಿಯಿತು. ಬಡಿಸುವ ಹುಡುಗನನ್ನು ಕರೆದು, “ಸ್ವಲ್ಪ ಕಟ್ಟು ಇದ್ದರ ಹಾಕಪಾ” ಎಂದೆ. ಮಗಳು ಸುತ್ತ ಕಣ್ಣಾಡಿಸಿ ದನಿ ತಗ್ಗಿಸಿದಳು: “ಅಪ್ಪಾ, ಮೆಲ್ಲಗ್ರಿ. ಇಲ್ಲಿ ಹಂಗ ಕೇಳಬಾರದು. ಮಂದಿ ನೋಡಾಕತ್ತಾರ.” ದೂರದ ಊರಿನ ಆ ಹುಡುಗನಿಗೆ ಮಾತು ತಿಳಿಯದೆ ನಿಂತಿದ್ದ. ನಾನು ಸುಮ್ಮನೆ ಬಟ್ಟಲಿನ ಕಡೆಗೆ ಬೆರಳು ತೋರಿಸಿದೆ. ತೋರಿಸಿದ ಮರುಕ್ಷಣ ತಂದೆಯವರ ಬೆರಳು ಕಣ್ಣ ಮುಂದೆ ಬಂದು, ಕೈ ಅಲ್ಲಿಯೇ ನಿಂತಿತು.

ಮಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ದನಿಯಲ್ಲಿದ್ದುದು ನನ್ನದೇ ದನಿ. ಆ ರಾತ್ರಿ ಕೊಲ್ಹಾಪುರದ ಕಥೆಯನ್ನು ಮುಚ್ಚುಮರೆಯಿಲ್ಲದೆ ಅವಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಅಜ್ಜಗ ನೀವು ಹೇಳಲೇ ಇಲ್ಲೇನ್ರಿ?” ಎಂದು ಕೇಳಿದಳು. ಇಲ್ಲವೆಂದೆ. ಯುಗಾದಿಗೆ ಬಂದಾಗ ಅವಳೇ ನನ್ನನ್ನು ಕೊಲ್ಹಾಪುರಕ್ಕೆ ಕರೆದೊಯ್ದು, ತುಂಬಿದ ಹೋಟೆಲಿನಲ್ಲಿ ಗಟ್ಟಿಯಾಗಿ ‘ಕಟ್ಟು’ ಕೇಳಿದಳು. ಯಾರೂ ಹೊರಳಿ ನೋಡಲಿಲ್ಲ. ರಸ ಮಾತ್ರ ಬಂತು.

ಗಡಿಭಾಗದ ನಮ್ಮ ಶಾಲೆ ಕನ್ನಡದ ಅಕ್ಷರ ಕಲಿಸಿತು, ಮರಾಠಿಯನ್ನು ಗೌರವಿಸಲೂ ಕಲಿಸಿತು. ಎರಡನೆಯದನ್ನು ಬೇಗ ಕಲಿತ ನಾನು, ಮೊದಲನೆಯದಕ್ಕೆ ನಾಚದಿರುವುದನ್ನು ಕಲಿಯಲು ನಾಲ್ಕು ದಶಕ ತೆಗೆದುಕೊಂಡೆ. ಈಗಿನ ಮಕ್ಕಳು ನನಗಿಂತ ಜಾಣರಾಗಲಿ. ಮಹೋತ್ಸವದ ದಿನ ಪಂಕ್ತಿಯಲ್ಲಿ ಹೋಳಿಗೆಯೊಂದಿಗೆ ಕಟ್ಟಿನ ಸಾರು ಇರುವುದೆಂದು ಕೇಳಿದ್ದೇನೆ. ಆ ಸಾರನ್ನು ಬಡಿಸುವ ಕೆಲಸ ನನಗೆ ಕೊಡಬೇಕೆಂದು ಸಂಚಾಲಕರಲ್ಲಿ ವಿನಂತಿಸಿದ್ದೇನೆ. ಬೇಕಾದವರು ಗಟ್ಟಿಯಾಗಿ ಕೇಳಬೇಕು.