ಪಾತ್ರದ ಗುಣ, ಮಗುವಿನ ಗುಣ: ದೋಣಿ ಆಟದ ವಹಿಯಿಂದ ಕಲಿತದ್ದು

ಅಭ್ಯಾಸ ಬೋಧನೆಯ ಪಾಠಯೋಜನೆಯಲ್ಲಿ ‘ಬೆಳೆಸಬೇಕಾದ ಮೌಲ್ಯಗಳು’ ಎಂಬ ಕಾಲಂ ಒಂದಿದೆ. ಅದನ್ನು ತುಂಬಲು ಪ್ರಶಿಕ್ಷಣಾರ್ಥಿಗಳಿಗೆ ಎರಡು ನಿಮಿಷವೂ ಬೇಡ. ಪ್ರಾಮಾಣಿಕತೆ, ಸಹಕಾರ, ಸಹಾನುಭೂತಿ ಎಂದು ಮೂರು ಪದ ಬರೆದರೆ ಆಯಿತು. ಆ ಮೌಲ್ಯ ತರಗತಿಯಲ್ಲಿ ಕಂಡಿತೇ, ಕಂಡಿದ್ದರೆ ಅದನ್ನು ಹೇಗೆ ದಾಖಲಿಸುವುದು ಎಂದು ಕೇಳಿದಾಗ ಮಾತ್ರ ನಾವೆಲ್ಲ ತಡವರಿಸುತ್ತೇವೆ. ಈ ಸಲ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮೂರು ಶಾಲೆಗಳಿಗೆ ಪಾಠ ಅವಲೋಕನಕ್ಕೆ ಹೋದಾಗ ಈ ಪ್ರಶ್ನೆಗೆ ಒಂದು ದಾರಿ ಕಂಡಿತು. ದಾರಿ ತೋರಿಸಿದ್ದು ಒಂದು ಆಟ.

ಆಟವನ್ನು ತಂದವಳು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳ ಅಣ್ಣ ಭಾನುವಾರ ಸ್ನೇಹಿತರ ಜೊತೆ ಆಡುವ ಆಟವಂತೆ. ಎಲ್ಲರೂ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ವೇಷವಿಲ್ಲ, ರಂಗವಿಲ್ಲ. ಒಬ್ಬೊಬ್ಬರೂ ಒಂದು ಪಾತ್ರ ವಹಿಸಿಕೊಳ್ಳುತ್ತಾರೆ. ಆಟ ನಡೆಸುವವರು ಒಂದು ಸಂದರ್ಭ ಹೇಳಿ, ‘ಈಗ ನೀನೇನು ಮಾಡುತ್ತೀ?’ ಎಂದು ಕೇಳುತ್ತಾರೆ. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇಂಥ ಆಟಗಳಲ್ಲಿ ಮೊದಲು ಪ್ರಸಿದ್ಧವಾದದ್ದು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ನಮಗೆ ಸಂಬಂಧಿಸಿದ್ದು ಆ ಆಟದ ಒಂದು ನಿಯಮ. ಪಾತ್ರದ ವಿವರ ಬರೆಯುವ ಹಾಳೆಯಲ್ಲಿ ಬಲ, ಬುದ್ಧಿ ಇವುಗಳ ಜೊತೆಗೆ ‘ಅಲೈನ್‌ಮೆಂಟ್’ ಎಂಬ ನಮೂದು ಇರುತ್ತದೆ. ಅಂದರೆ ಪಾತ್ರದ ನೈತಿಕ ನಿಲುವು. ಮೊದಲಿಗೆ ಕ್ರಮ, ತಟಸ್ಥ, ಅಕ್ರಮ ಎಂದು ಮೂರೇ ಇದ್ದವು. 1978ರ ಹೊತ್ತಿಗೆ ಅವು ಒಂಬತ್ತಾದವು. ಕ್ರಮ–ಅಕ್ರಮ ಒಂದು ಅಳತೆ, ಒಳಿತು–ಕೆಡುಕು ಇನ್ನೊಂದು ಅಳತೆ. ನಿಯಮ ಪಾಲಿಸುವುದು ಬೇರೆ, ಒಳ್ಳೆಯವನಾಗಿರುವುದು ಬೇರೆ ಎಂದು ಈ ವಿಂಗಡಣೆ ಒಪ್ಪಿಕೊಂಡಿತು. 1979ರ ಕೈಪಿಡಿಯಂತೂ ಆಟ ನಡೆಸುವವರು ಪ್ರತಿ ಪಾತ್ರದ ನಡತೆಯನ್ನು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋಗಬೇಕು ಎಂದಿತು. ಪಾತ್ರ ತಾನು ಹೇಳಿಕೊಂಡ ನಿಲುವಿನಿಂದ ಜಾರಿದರೆ ಗಳಿಸಿದ್ದ ಒಂದು ಮಟ್ಟವನ್ನೇ ಕಳೆದುಕೊಳ್ಳುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಈ ದಂಡನೆ ಸಡಿಲವಾಯಿತು. 1985ರಲ್ಲಿ ಗ್ರೆಗ್ ಸ್ಟಾಫರ್ಡ್ ಮಾಡಿದ ‘ಪೆಂಡ್ರಾಗನ್’ ಆಟದಲ್ಲಿ ಬೇರೆ ಕ್ರಮವಿದೆ. ಅಲ್ಲಿ ಪಾತ್ರಕ್ಕೆ ಒಂದೇ ಹಣೆಪಟ್ಟಿ ಇಲ್ಲ. ದಯೆ–ಕ್ರೌರ್ಯ, ಸತ್ಯ–ಸುಳ್ಳು, ವಿನಯ–ಗರ್ವ ಹೀಗೆ ಹದಿಮೂರು ಜೋಡಿ ಗುಣಗಳಿವೆ. ಪ್ರತಿ ಜೋಡಿಯ ಮೊತ್ತ 20. ದಯೆ 13 ಇದ್ದವನಲ್ಲಿ ಕ್ರೌರ್ಯ 7 ಇದ್ದೇ ಇರುತ್ತದೆ.

ಇದೆಲ್ಲ ದೂರದ ಸಂಗತಿ ಎನಿಸಬಹುದು. ಆದರೆ ಪುಣ್ಯ-ಪಾಪದ ಲೆಕ್ಕ ಇಡುವ ಆಟ ನಮ್ಮ ಮನೆಗಳಲ್ಲೂ ಇತ್ತು. ಜಾಗರಣೆಯ ರಾತ್ರಿ ಹಿರಿಯರು ಹಾಸಿಕೊಂಡು ಕೂರುತ್ತಿದ್ದ ಪರಮಪದ ಸೋಪಾನ ಪಟವನ್ನು ನೆನಪಿಸಿಕೊಳ್ಳಿ. ಏಣಿಯ ಬುಡದಲ್ಲಿ ಸದ್ಗುಣದ ಹೆಸರು, ಹಾವಿನ ಬಾಯಲ್ಲಿ ದುರ್ಗುಣದ ಹೆಸರು. ಅಲ್ಲಿ ಲೆಕ್ಕವಿದೆ, ಆಯ್ಕೆಯಿಲ್ಲ. ದಾಳ ಬಿದ್ದಂತೆ ಏರುತ್ತೇವೆ, ಇಳಿಯುತ್ತೇವೆ. ಹಾವಿನ ಬಾಯಿಗೆ ಬಿದ್ದವನನ್ನು ಯಾರೂ ‘ಯಾಕೆ ಹೀಗೆ ಮಾಡಿದೆ?’ ಎಂದು ಕೇಳುವುದಿಲ್ಲ.

ಕೇಳುವುದು ತಾಳಮದ್ದಳೆಯಲ್ಲಿ. ನಮ್ಮ ಊರುಗಳಲ್ಲಿ ದೇವಸ್ಥಾನದ ಚಂದ್ರಶಾಲೆಯಲ್ಲೋ ಮನೆಯ ಅಂಗಳದ ಚಪ್ಪರದಲ್ಲೋ ನಡೆಯುವ ಈ ಕೂಟದಲ್ಲೂ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ನಿಗದಿಯಾದದ್ದು, ಅರ್ಥಧಾರಿಯ ಮಾತು ಆಗಲೇ ಹುಟ್ಟುವಂಥದ್ದು. ‘ವಾಲಿವಧೆ’ಯಲ್ಲಿ ವಾಲಿ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದಕ್ಕೆ ರಾಮ ಇವತ್ತು ಏನು ಸಮಾಧಾನ ಹೇಳುತ್ತಾನೆ, ವಾಲಿ ಅದನ್ನು ಒಪ್ಪುತ್ತಾನೋ ಇಲ್ಲವೋ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ದೊಡ್ಡ ಅರ್ಥಧಾರಿಗಳೆಂದು ಹೆಸರಾದದ್ದು ಇಂಥ ಸಂವಾದಗಳಿಂದ. ಮೊದಲು ಆಡಿದ ಮಾತಿಗೂ ಈಗ ಆಡುವ ಮಾತಿಗೂ ತಾಳೆಯಿಲ್ಲದಿದ್ದರೆ ಎದುರು ಕುಳಿತವರು ಹಿಡಿಯುತ್ತಾರೆ. ಇಲ್ಲಿ ಪಾತ್ರದ ನೀತಿಯ ದಾಖಲೆ ಇರುವುದು ಎದುರಾಳಿಯ ಮತ್ತು ಸಭೆಯ ನೆನಪಿನಲ್ಲಿ. ಅಂಕಿಯಿಲ್ಲ, ಉತ್ತರ ಕೊಡುವ ಹೊಣೆ ಇದೆ.

ಇನ್ನು ತರಗತಿಗೆ ಬರುತ್ತೇನೆ. ಭಟ್ಕಳ ತಾಲೂಕಿನ ಶಾಲೆಯೊಂದರ ಎಂಟನೇ ತರಗತಿಯಲ್ಲಿ ಆ ಪ್ರಶಿಕ್ಷಣಾರ್ಥಿ ರಾಕ್ಷಸರ ಗುಹೆಯನ್ನು ಬಿಟ್ಟು ದೋಣಿಯನ್ನು ತಂದಳು. ಮಕ್ಕಳಿಗೆ ಮಾವಿನಕುರ್ವೆ ಬಂದರು ಗೊತ್ತು. ಐದೈದು ಮಕ್ಕಳ ಗುಂಪು. ಒಬ್ಬರು ತಂಡೇಲ, ಒಬ್ಬರು ಇಂಜಿನ್ ನೋಡುವವರು, ಇಬ್ಬರು ಬಲೆ ಎಳೆಯುವವರು, ಒಬ್ಬರು ದಡದಲ್ಲಿರುವ ಮೀನು ವ್ಯಾಪಾರಿ. ಸಂದರ್ಭ ಇಷ್ಟು: ದೋಣಿ ತುಂಬ ಬಂಗಡೆ. ಬೇಗ ದಡ ಸೇರಿದರೆ ಹರಾಜಿನಲ್ಲಿ ಒಳ್ಳೆಯ ರೇಟು. ದಾರಿಯಲ್ಲಿ ಇಂಜಿನ್ ಕೆಟ್ಟು ನಿಂತ ಇನ್ನೊಂದು ದೋಣಿ ಕಾಣುತ್ತದೆ, ಗಾಳಿ ಏಳುತ್ತಿದೆ. ಏನು ಮಾಡುತ್ತೀರಿ?

ಕರಿಹಲಗೆಯ ಮೇಲೆ ಅವಳು ಪ್ರತಿ ಪಾತ್ರದ ಹೆಸರು ಬರೆದು, ಒಳ್ಳೆಯ ನಿರ್ಧಾರಕ್ಕೆ +1, ಕೆಟ್ಟದ್ದಕ್ಕೆ –1 ಹಾಕುತ್ತ ಹೋದಳು. ಮೊದಲ ಸುತ್ತಿನಲ್ಲಿ ಜೋರು ಚರ್ಚೆ ನಡೆಯಿತು. ಕನ್ನಡ, ಕೊಂಕಣಿ, ನವಾಯತಿ ಎಲ್ಲ ಬೆರೆತ ಗದ್ದಲ. ಎರಡನೇ ಸುತ್ತಿಗೆ ಗದ್ದಲ ಇಳಿಯಿತು. ಮೂರನೇ ಸುತ್ತಿನಲ್ಲಿ ಒಬ್ಬ ಹುಡುಗ ಸಂದರ್ಭ ಕೇಳಿ ಮುಗಿಸುವ ಮೊದಲೇ, ‘ಅಕ್ಕೋರೆ, ಇದಕ್ಕೆಷ್ಟು ಪಾಯಿಂಟು?’ ಎಂದ. ಅಲ್ಲಿಂದ ಮುಂದೆ ಎಲ್ಲ ದೋಣಿಗಳೂ ಎಲ್ಲರಿಗೂ ಸಹಾಯ ಮಾಡಿದವು. ಎಲ್ಲರಿಗೂ +1. ಅವಲೋಕನ ಪುಸ್ತಕದಲ್ಲಿ ನಾನು ಬರೆದದ್ದು: ಮಕ್ಕಳು ಅಕ್ಕೋರ ಮನಸ್ಸಿನಲ್ಲಿರುವ ಉತ್ತರವನ್ನು ಸರಿಯಾಗಿ ಊಹಿಸಿದ್ದಾರೆ.

ಆ ಸಂಜೆಯ ಹಿಮ್ಮಾಹಿತಿ ಸಭೆಯಲ್ಲಿ ಇದನ್ನೇ ಚರ್ಚಿಸಿದೆವು. ಮರುವಾರ ಹೊನ್ನಾವರ ತಾಲೂಕಿನ ಶಾಲೆಯಲ್ಲಿ ಅದೇ ಸಂದರ್ಭವನ್ನು ಮತ್ತೊಬ್ಬ ಪ್ರಶಿಕ್ಷಣಾರ್ಥಿ ಆಡಿಸಿದ. ಹಲಗೆಯಲ್ಲಿ ಅಂಕಿಯಿಲ್ಲ. ಪ್ರತಿ ಪಾತ್ರಕ್ಕೆ ಒಂದು ಪುಟ್ಟ ವಹಿ. ಅದರಲ್ಲಿ ಮೂರು ಕಾಲಂ: ಏನು ಮಾಡಿದೆ, ಯಾಕೆ, ಅದರಿಂದ ಯಾರಿಗೆ ಏನಾಯಿತು. ತಂಡೇಲಳಾಗಿದ್ದ ಹುಡುಗಿ ಕೆಟ್ಟುನಿಂತ ದೋಣಿಯನ್ನು ಎಳೆಯದೆ ಮುಂದೆ ಹೋದಳು. ಅವಳ ವಹಿಯಲ್ಲಿದ್ದದ್ದು: ‘ನಮ್ಮ ದೋಣಿಯಲ್ಲಿ ಕೈ ಕತ್ತರಿಸಿಕೊಂಡವ ಇದ್ದ. ಅವನಿಗೆ ಮೊದಲು ಆಸ್ಪತ್ರೆ. ಆ ದೋಣಿಯವರ ವಿಷಯ ವಯರ್‌ಲೆಸ್ಸಿನಲ್ಲಿ ಬೇರೆಯವರಿಗೆ ಹೇಳಿದೆ.’ ಇನ್ನೊಂದು ಗುಂಪಿನ ಹುಡುಗ ಎಳೆದು ತಂದ. ಅವನ ಕಾರಣ: ‘ಎಳೆದು ತಂದರೆ ಅವರ ಮೀನಿನಲ್ಲಿ ಅರ್ಧ ಕೇಳಬಹುದು.’ ಹಿಂದಿನ ವಾರದ ಲೆಕ್ಕದಲ್ಲಿ ಹುಡುಗಿಗೆ –1, ಹುಡುಗನಿಗೆ +1 ಬೀಳುತ್ತಿತ್ತು.

ಶೈಕ್ಷಣಿಕ ಮನೋವಿಜ್ಞಾನ ಓದಿದ ನಮಗೆ ಇದು ಹೊಸದಲ್ಲ. ಹೆಂಡತಿಯ ಜೀವ ಉಳಿಸಲು ಔಷಧಿ ಕದಿಯಬೇಕೋ ಬೇಡವೋ ಎಂಬ ಹೈಂಜ್‌ನ ಸಂದಿಗ್ಧವನ್ನು ಮಕ್ಕಳ ಮುಂದಿಟ್ಟ ಲಾರೆನ್ಸ್ ಕೋಲ್ಬರ್ಗ್, ‘ಕದಿಯಬೇಕು’, ‘ಬೇಡ’ ಎಂಬ ಉತ್ತರವನ್ನು ಅಳೆಯಲಿಲ್ಲ. ಮಕ್ಕಳು ಕೊಟ್ಟ ಕಾರಣವನ್ನು ನೋಡಿದ. ಕೋಲ್ಬರ್ಗನ ಹಂತಗಳಲ್ಲಿ ಆರೈಕೆ, ಸಂಬಂಧಗಳ ದನಿಗೆ ಜಾಗ ಸಾಲದು ಎಂದು ಕ್ಯಾರಲ್ ಗಿಲಿಗನ್ 1982ರ ತನ್ನ ಪುಸ್ತಕದಲ್ಲಿ ವಾದಿಸಿದಳು. ಗಾಯಾಳುವನ್ನು ಮೊದಲು ನೆನೆದ ಆ ತಂಡೇಲಳ ಕಾರಣವನ್ನು ಓದುವಾಗ ನನಗೆ ಈ ವಾದ ನೆನಪಾಯಿತು. ಪರೀಕ್ಷೆಗೆ ಹಂತಗಳನ್ನು ಬಾಯಿಪಾಠ ಮಾಡುವ ನಾವು ಪಾಠಯೋಜನೆ ಬರೆಯುವಾಗ ಮಾತ್ರ ‘ಯಾಕೆ’ ಎಂಬ ಕಾಲಂ ಬಿಟ್ಟುಬಿಡುತ್ತೇವೆ.

ಆದರೂ ಚಂದದ ಕಾರಣ ಬರೆಯುವುದನ್ನೂ ಮಕ್ಕಳು ಕಲಿತುಬಿಡುತ್ತಾರೆ. ಕುಮಟಾದ ಶಾಲೆಗೆ ಹೋದ ಮೂರನೆಯ ಪ್ರಶಿಕ್ಷಣಾರ್ಥಿ ತಾಳಮದ್ದಳೆಯ ಮನೆಯಿಂದ ಬಂದವನು. ಅವನು ಕೊನೆಯ ಹತ್ತು ನಿಮಿಷ ಪಾತ್ರಗಳನ್ನು ಎದುರುಬದುರು ಕೂರಿಸಿದ. ನಿರ್ಧಾರ ಮಾಡಿದವರು ಒಂದು ಕಡೆ, ಅದರ ಫಲ ಉಂಡವರು ಇನ್ನೊಂದು ಕಡೆ. ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯ ಪಾತ್ರದ ಹುಡುಗ, ‘ನನಗೂ ಸಾಲ ಇತ್ತು’ ಎಂದ. ಎದುರಿಗಿದ್ದ ಮೀನುಗಾರನ ಪಾತ್ರದ ಹುಡುಗಿ, ‘ನಿನ್ನ ಸಾಲ ನಾ ಎಂತಕೆ ತೀರಿಸಬೇಕು?’ ಎಂದು ಕೇಳಿದಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ವಹಿಯಲ್ಲಿ ಒಂದು ಸಾಲು ಸೇರಿಸಿದ: ‘ಮುಂದಿನ ವಾರ ಕಮ್ಮಿ ಕೊಟ್ಟದ್ದನ್ನು ಕೊಡುತ್ತೇನೆ.’ ಯಾರೂ ಅವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಅದೇ ತರಗತಿಯಲ್ಲಿ ಅಪಾಯವೂ ಕಂಡಿತು. ಬಿಡುವಿನ ವೇಳೆಯಲ್ಲಿ ನಲ್ಲಿಯ ಹತ್ತಿರ ಇಬ್ಬರು ಆ ಹುಡುಗನನ್ನು ‘ಕಳ್ಳ ಸೇಠ’ ಎಂದು ಕರೆದರು. ಅವನ ಮುಖ ಸಣ್ಣದಾಯಿತು. ಪ್ರಶಿಕ್ಷಣಾರ್ಥಿ ಗದರಲಿಲ್ಲ. ಮರುದಿನ ಕರೆದವರಲ್ಲಿ ಒಬ್ಬನಿಗೇ ವ್ಯಾಪಾರಿಯ ಪಾತ್ರ ಕೊಟ್ಟ. ಅವಧಿ ಮುಗಿಯುವ ಮೊದಲು ಎಲ್ಲರೂ ಪಾತ್ರದ ಚೀಟಿಯನ್ನು ಮಗುಚಿಟ್ಟು, ತಮ್ಮ ಸ್ವಂತ ಹೆಸರು ಹೇಳಿ ಏಳಬೇಕು ಎಂಬ ಕ್ರಮ ತಂದ. ಹಿಂದಿನ ರಾತ್ರಿ ಆಟದಲ್ಲಿ ರಾವಣನಾದವನು ಬೆಳಿಗ್ಗೆ ಅಡಕೆ ಕೊಯ್ಲಿಗೆ ಬಂದರೆ ನಮ್ಮ ಊರಲ್ಲಿ ಯಾರೂ ಅವನನ್ನು ರಾವಣ ಎಂದು ದೂರ ಇಡುವುದಿಲ್ಲ. ಬಣ್ಣ ತೆಗೆಯುವುದೂ ಆಟದ ಭಾಗವೇ. ತರಗತಿಯ ಪಾತ್ರಾಭಿನಯದಲ್ಲಿ ನಾವು ಬಣ್ಣ ಹಚ್ಚುವುದನ್ನು ಯೋಜಿಸುತ್ತೇವೆ, ತೆಗೆಯುವುದನ್ನು ಯೋಜಿಸುವುದಿಲ್ಲ.

ಬಣ್ಣ ತೆಗೆಯಬೇಕಾದ್ದು ಮಕ್ಕಳು ಮಾತ್ರವಲ್ಲ. ಈ ಮೂರರಲ್ಲಿ ಒಂದು ಶಾಲೆಯ ಮಾರ್ಗದರ್ಶಕ ಶಿಕ್ಷಕರು ಆಟವನ್ನು ತುಂಬ ಮೆಚ್ಚಿಕೊಂಡರು. ಅವರ ಮೇಜಿನ ಮೇಲೆ ಪ್ರಗತಿಪತ್ರಗಳ ಕಟ್ಟು ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೆಂದ ಮೇಲೆ ಮನೋಭಾವ, ಮೌಲ್ಯಗಳಿಗೂ ಶ್ರೇಣಿ ಬರೆಯುವ ಕೆಲಸ ಶಿಕ್ಷಕರ ಪಾಲಿಗಿದೆ. ‘ಇಷ್ಟು ಮಕ್ಕಳ ಪ್ರಾಮಾಣಿಕತೆಗೆ ಎ, ಬಿ ಎಂದು ಹೇಗೆ ಬರೆಯಲಿ? ನಿಮ್ಮ ವಹಿ ನೋಡಿ ಶ್ರೇಣಿ ಕೊಡೋಣ’ ಎಂದರು. ಅವರ ಕಷ್ಟ ನಿಜವಾದದ್ದು. ಪ್ರಶಿಕ್ಷಣಾರ್ಥಿ ಮೆಲ್ಲಗೆ, ‘ಸರ್, ಅದು ಪಾತ್ರದ ಲೆಕ್ಕ. ಹುಡುಗರದಲ್ಲ’ ಎಂದ.

ಆ ಮಾತನ್ನು ನಾನು ಅಲ್ಲೇ ಬೆಂಬಲಿಸಿದೆ. ತೂಕದಲ್ಲಿ ಮೋಸ ಮಾಡುವವನ ಮನಸ್ಸನ್ನು ಒಳಹೊಕ್ಕು ನೋಡಿದ ಹುಡುಗನ ಪ್ರಗತಿಪತ್ರದಲ್ಲಿ ‘ಪ್ರಾಮಾಣಿಕತೆ: ಬಿ’ ಎಂದು ಬಿದ್ದರೆ, ಮುಂದೆ ಯಾವ ಮಗುವೂ ಕೆಟ್ಟವನ ಪಾತ್ರ ವಹಿಸುವುದಿಲ್ಲ. ಎಲ್ಲರೂ ಹರಿಶ್ಚಂದ್ರರೇ ಆದರೆ ಚರ್ಚೆಗೆ ಏನೂ ಉಳಿಯುವುದಿಲ್ಲ. ಆ ಶ್ರೇಣಿ ಓದುವ ತಂದೆ-ತಾಯಿಗೆ ಅದು ಆಟದ್ದೋ ಮಗನದ್ದೋ ಎಂದು ತಿಳಿಯುವ ದಾರಿಯೂ ಇಲ್ಲ. ಶಿಕ್ಷಕರು ಇದನ್ನು ಒಪ್ಪಿದರು. ಹಾಗಾದರೆ ಪ್ರಗತಿಪತ್ರಕ್ಕೆ ಏನು ಬರೆಯುವುದು ಎಂದು ಮೂವರೂ ಕೂತು ಯೋಚಿಸಿದೆವು. ಆ ಹುಡುಗನ ಬಗ್ಗೆ ಕೊನೆಗೆ ಬರೆದ ವಾಕ್ಯ ಇದು: ‘ಬೇರೆಯವರ ಪ್ರಶ್ನೆ ಕೇಳಿ ತನ್ನ ಪಾತ್ರದ ನಿರ್ಧಾರವನ್ನು ಮರುಪರಿಶೀಲಿಸಿ ಕಾರಣ ಹೇಳುತ್ತಾನೆ.’ ಇದು ಕಣ್ಣಾರೆ ಕಂಡದ್ದು, ಮಗುವಿನದೇ ಆದ ಸಾಮರ್ಥ್ಯ. ಅದನ್ನು ಹುಡುಗನಿಗೂ ಓದಿ ಹೇಳಿದೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿಪತ್ರದಲ್ಲಿ ಸ್ವಮೌಲ್ಯಮಾಪನ, ಸಹಪಾಠಿಗಳ ಮೌಲ್ಯಮಾಪನ ಇರಲಿ ಎನ್ನುತ್ತದೆ. ಮಗುವಿಗೆ ಓದಿ ಹೇಳಲು ಸಂಕೋಚವಾಗುವ ಮಾತನ್ನು ಅಲ್ಲಿ ಬರೆಯದಿರುವುದು ಅದರ ಮೊದಲ ಹೆಜ್ಜೆಯಾದೀತು.

ಮುಂದಿನ ಅಭ್ಯಾಸ ಬೋಧನೆಗೆ ಹೋಗುವವರು ಇದನ್ನು ಮಾಡಿ ನೋಡಬಹುದು. ನಲವತ್ತು ನಿಮಿಷದ ಅವಧಿಯಲ್ಲಿ ಒಂದೇ ಸಂದರ್ಭ ಸಾಕು. ಪಾತ್ರ ಹಂಚಲು ಐದು ನಿಮಿಷ, ಆಟಕ್ಕೆ ಹದಿನೈದು, ವಹಿ ಬರೆಯಲು ಐದು, ಎದುರುಬದುರು ಕೂತು ಕೇಳಲು ಹತ್ತು, ಪಾತ್ರ ಇಳಿಸಿ ಮಾತಾಡಲು ಐದು. ಸಂದರ್ಭವನ್ನು ಊರಿನಿಂದಲೇ ಆರಿಸಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಮನೆಯಲ್ಲಿ ಕಾಸಿಲ್ಲದವನು ಯಾಂತ್ರಿಕ ದೋಣಿ ಇಳಿಸಬಹುದೇ? ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪುಮೀನಿನ ಮರಿಗಳನ್ನೂ ಬಾಚಿಕೊಂಡು ಹೋಗುವವರಿಗೆ ಯಾರು ಏನು ಹೇಳಬೇಕು? ನಿಯಮ ಒಂದು ಕಡೆ, ಹೊಟ್ಟೆಪಾಡು ಒಂದು ಕಡೆ, ನಾಳೆಯ ಮೀನು ಇನ್ನೊಂದು ಕಡೆ ಎಳೆಯುವ ಸಂದರ್ಭವಾದರೆ ಒಂದೇ ಸರಿಯುತ್ತರ ಊಹಿಸಲು ಮಕ್ಕಳಿಗೆ ಆಗುವುದಿಲ್ಲ. ತರಗತಿಯಲ್ಲಿ ಯಾವ ಮಗುವಿನ ಮನೆಯ ಕಥೆಗಾದರೂ ಅದು ತೀರ ಹತ್ತಿರವೇ ಎಂದು ಮಾರ್ಗದರ್ಶಕ ಶಿಕ್ಷಕರಲ್ಲಿ ಮೊದಲೇ ಕೇಳಿಕೊಳ್ಳಿ. ಪಾತ್ರದ ವಹಿ ಮಕ್ಕಳ ಬಳಿಯೇ ಇರಲಿ. ಕಚೇರಿಯ ಕಡತಕ್ಕೆ ಅದು ಸೇರುವುದು ಬೇಡ. ಪಾಠಯೋಜನೆಯ ಮೌಲ್ಯದ ಕಾಲಮ್ಮಿನಲ್ಲಿ ಮೂರು ಪದಗಳ ಬದಲು, ಆ ದಿನ ಮಕ್ಕಳು ಯಾವ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು ತರಗತಿಗೆ ಹೋಗಿ.